ಕೇಳುವ ಸಮಾನತೆ, ಕೊಡುವ ಸಮಾನತೆ

ಹಿರೇಕೆರೂರು ಸೀಮೆಯ ತಮ್ಮಂದಿರೇ, ತಂಗಿಯರೇ,

ಸಮಾನತೆ ಎಂಬ ಮಾತನ್ನು ನೀವು ನಮಗಿಂತ ಹೆಚ್ಚು ಸಲ ಕೇಳಿ ಬೆಳೆದವರು. ಜನವರಿ 26ಕ್ಕೆ ಕೇಳುತ್ತೀರಿ, ಏಪ್ರಿಲ್ 14ಕ್ಕೆ ಕೇಳುತ್ತೀರಿ, ಪ್ರಬಂಧ ಸ್ಪರ್ಧೆಗೆ ಬರೆದು ಬಹುಮಾನವನ್ನೂ ತರುತ್ತೀರಿ. ಸಂವಿಧಾನದ ಪೀಠಿಕೆ ನಿಮಗೆ ಬಾಯಿಪಾಠ. ಅದರ ಹಿರಿಮೆಯನ್ನು ಮತ್ತೊಮ್ಮೆ ಕೊಂಡಾಡಲು ನಾನು ಇದನ್ನು ಬರೆಯುತ್ತಿಲ್ಲ. ಈ ಸೀಮೆಯ ಜನರ ನಡುವೆ ತಲೆ ನೆರೆಸಿಕೊಂಡವನಿಗೆ ತಿಳಿದದ್ದು ಒಂದೇ ಮಾತು. ಅದನ್ನು ನಿಮ್ಮ ಕಿವಿಗೆ ಹಾಕಬೇಕಾಗಿದೆ: ನಾವು ಸಮಾನತೆಯನ್ನು ಮೇಲಿನವರ ಹತ್ತಿರ ಕೇಳುತ್ತೇವೆ, ಕೆಳಗಿನವರಿಗೆ ಕೊಡುವುದನ್ನು ಮರೆಯುತ್ತೇವೆ.

ನೀವೇ ಲೆಕ್ಕ ಹಾಕಿ ನೋಡಿ. ಬೆಂಗಳೂರಿಗೆ ಸಂದರ್ಶನಕ್ಕೆ ಹೋದ ನಮ್ಮ ಹುಡುಗ ತನ್ನ ಇಂಗ್ಲಿಷಿಗೂ ತನ್ನ ಮಾತಿನ ಧಾಟಿಗೂ ಅಲ್ಲಿನವರು ಮುಸಿಮುಸಿ ನಕ್ಕರೆಂದು ಕುದಿಯುತ್ತಾನೆ. ಅವನ ಸಿಟ್ಟು ನ್ಯಾಯವಾದದ್ದೇ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ದ ರೈತ, ತನ್ನ ಬೆಳೆಗೆ ತಾನು ಬೆಲೆ ಹೇಳುವಂತಿಲ್ಲವಲ್ಲ ಎಂದು ಹಲ್ಲು ಕಡಿಯುತ್ತಾನೆ. ಅದೂ ನ್ಯಾಯವೇ. ಆದರೆ ಆ ರೈತ ಮರುದಿನ ಗೋವಿನಜೋಳದ ಹೊಲದಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ಕೂಲಿ ಎಣಿಸುವಾಗ ಅವನ ಕೈ ನಡುಗುವುದಿಲ್ಲ. ಆ ಗಂಡಾಳು ಸಂಜೆ ಮನೆಗೆ ಬಂದು, ತನ್ನಷ್ಟೇ ಬಿಸಿಲಲ್ಲಿ ಬೆಂದು ಬಂದ ಹೆಂಡತಿಗೆ ‘ನೀರು ತಾ’ ಎಂದು ಕೂತಲ್ಲಿಂದಲೇ ಕೂಗುತ್ತಾನೆ. ಅವಳು ಮಗನ ತಾಟಿಗೆ ಹಾಲು ಮೊಸರು ಹಾಕಿ, ಮಗಳಿಗೆ ‘ನೀ ಆಮ್ಯಾಲ ಉಣ್ಣು’ ಅನ್ನುತ್ತಾಳೆ. ಮೇಲೆ ನೋಡಿದಾಗ ಎಲ್ಲರಿಗೂ ಅನ್ಯಾಯ ಕಾಣುತ್ತದೆ. ಕೆಳಗೆ ನೋಡಿದಾಗ ಕಾಣುವುದು ಬರೀ ಪದ್ಧತಿ. ಮೇಲಿನವರಿಂದ ಬಂದರೆ ಅವಮಾನ ಎನಿಸಿಕೊಳ್ಳುವುದು ನಮ್ಮಿಂದ ಹೋದಾಗ ರೂಢಿ ಎನಿಸಿಕೊಳ್ಳುವುದು ಹೇಗೆ?

ಈ ಪ್ರಶ್ನೆಯನ್ನು ಕೇಳಿಕೊಳ್ಳಲು ನಮ್ಮ ಹಾವೇರಿ ಜಿಲ್ಲೆಗಿಂತ ಯೋಗ್ಯವಾದ ನೆಲ ಇನ್ನೊಂದಿಲ್ಲ. ತುಂಗಭದ್ರೆಯ ದಂಡೆಯ ಚೌಡದಾನಪುರ ಅಂಬಿಗರ ಚೌಡಯ್ಯನ ನೆಲೆ. ಶಿಗ್ಗಾಂವಿ ತಾಲೂಕಿನ ಬಾಡ ಕನಕದಾಸರ ಊರು. ಅದೇ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫ, ಕಳಸದ ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯನಾಗಿ ಹಾಡಿದವನು. ನಮ್ಮ ಹಿರೇಕೆರೂರು ಸೀಮೆಯ ಅಬಲೂರು ಮತ್ತು ಮಾಸೂರು ಸರ್ವಜ್ಞನ ನೆನಪಿನ ಊರುಗಳು. ಬ್ರಾಹ್ಮಣ ತಂದೆ, ಕುಂಬಾರ ತಾಯಿ ಎಂದು ಆತನ ಹುಟ್ಟಿನ ಬಗ್ಗೆ ಐತಿಹ್ಯ ಹೇಳುತ್ತದೆ. ಎರಡು ಕುಲಗಳ ನಡುವೆ ನಿಂತವನಿಗೆ ಕುಲದ ಪೊಳ್ಳು ಬೇಗ ಕಂಡಿರಬೇಕು.

ಈ ಹೆಸರುಗಳನ್ನು ಹೇಳುವಾಗ ನಮ್ಮ ಎದೆ ಉಬ್ಬುತ್ತದೆ. ಆದರೆ ಇವರನ್ನು ನಾವು ಏನು ಮಾಡಿದ್ದೇವೆ? ಕುಲ ಯಾವುದೆಂದು ಕೇಳಬೇಡಿ ಎಂದವರನ್ನು ಒಂದೊಂದು ಕುಲಕ್ಕೆ ಹಂಚಿಕೊಟ್ಟಿದ್ದೇವೆ. ಚೌಡಯ್ಯನ ಜಯಂತಿಯ ಮೆರವಣಿಗೆಯಲ್ಲಿ ಯಾರು ನಡೆಯುತ್ತಾರೆ, ಕನಕ ಜಯಂತಿಯಲ್ಲಿ ಯಾರು ಡೊಳ್ಳು ಹೊರುತ್ತಾರೆ, ಸರ್ವಜ್ಞ ಜಯಂತಿಯ ವೇದಿಕೆಯಲ್ಲಿ ಯಾರು ಕೂರುತ್ತಾರೆ ಎಂಬುದನ್ನು ಆಮಂತ್ರಣ ಪತ್ರಿಕೆ ಓದದೆಯೇ ಹೇಳಬಹುದು. ತಮ್ಮವನೊಬ್ಬ ದೊಡ್ಡವನಾಗಿದ್ದನೆಂಬ ಹೆಮ್ಮೆ, ಶತಮಾನಗಳ ಕಾಲ ತಲೆ ತಗ್ಗಿಸಿ ನಡೆದ ಸಮುದಾಯಕ್ಕೆ ಬೇಕೇ ಬೇಕು. ಅದನ್ನು ನಾನು ಹಳಿಯುವುದಿಲ್ಲ. ಉಳಿದವರು ಆ ದಿನ ಮನೆಯಲ್ಲಿ ಉಳಿಯುತ್ತೇವಲ್ಲ, ಅದು ತಪ್ಪು. ಸರ್ವಜ್ಞನ ತ್ರಿಪದಿಗಳನ್ನು ಊರೂರು ತಿರುಗಿ ಕೂಡಿಸಿ, 1924ರಲ್ಲಿ ಪುಸ್ತಕ ಮಾಡಿ ನಮ್ಮ ಕೈಗಿತ್ತವರು ಉತ್ತಂಗಿ ಚನ್ನಪ್ಪನವರು, ಬಾಸೆಲ್ ಮಿಶನ್ನಿನ ಕ್ರೈಸ್ತ ಪಾದ್ರಿ. ಸರ್ವಜ್ಞ ನಮ್ಮವನಲ್ಲ, ಶೈವನಾದವನು ನನಗೇಕೆ ಎಂದು ಅವರು ಅಂದುಕೊಂಡಿದ್ದರೆ ಇಂದು ನಮ್ಮ ಮಕ್ಕಳ ಪಠ್ಯದಲ್ಲಿ ಆ ಪದ್ಯಗಳು ಎಷ್ಟು ಉಳಿಯುತ್ತಿದ್ದವೋ! ಮುಂದಿನ ಜಯಂತಿಗೆ ನಿಮ್ಮದಲ್ಲದ ಸಮುದಾಯದ ಮೆರವಣಿಗೆಯಲ್ಲಿ ಹೋಗಿ ನಡೆಯಿರಿ. ನಾನು ಹೇಳುವ ಮೊದಲ ಕೆಲಸ ಅದು.

ಅಬಲೂರಿಗೆ ಹೋದರೆ ಸರ್ವಜ್ಞನ ನೆಲವೆಂದು ಕೈಮುಗಿದು ಬಂದುಬಿಡಬೇಡಿ. ಅಲ್ಲಿನ ಸೋಮೇಶ್ವರ ಗುಡಿಯನ್ನೂ ಅಲ್ಲಿನ ಶಾಸನವನ್ನೂ ನೋಡಿ. ಸುಮಾರು ಕ್ರಿ.ಶ. 1200ರ ಆ ಶಾಸನ ಶಿವಭಕ್ತ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಜೈನರೊಡನೆ ಪಂಥ ಕಟ್ಟಿ, ತನ್ನ ಶಿರವನ್ನೇ ಕತ್ತರಿಸಿ ಶಿವನಿಗೊಪ್ಪಿಸಿ ಮರಳಿ ಪಡೆದನೆಂದೂ, ಜಿನಬಿಂಬವನ್ನು ಒಡೆದನೆಂದೂ, ದೊರೆ ಬಿಜ್ಜಳನಿಂದ ಜಯಪತ್ರ ಪಡೆದನೆಂದೂ ಅದರಲ್ಲಿದೆ. ಭಕ್ತರಿಗೆ ಅದು ಪವಾಡ. ಬಸದಿ ಕಳೆದುಕೊಂಡವರ ಕಡೆಯಿಂದಲೂ ಒಮ್ಮೆ ಓದಿ ನೋಡಿ ಎಂದು ನಾನು ನಿಮಗೆ ಹೇಳುತ್ತೇನೆ. ಅವರ ಮಾತು ಕಲ್ಲಿನಲ್ಲಿ ಕೊರೆದಿಲ್ಲ, ಏಕೆಂದರೆ ಗೆದ್ದವರೇ ಕಲ್ಲು ಕೊರೆಸುತ್ತಾರೆ. ಸೋತವರು ಗೆಲ್ಲುವುದು, ಗೆದ್ದವರು ಸೋಲುವುದು ಚರಿತ್ರೆಯುದ್ದಕ್ಕೂ ನಡೆದೇ ಇದೆ. ಅದರಿಂದ ಸರದಿ ಬದಲಾಗುತ್ತದೆ, ಸಮಾನತೆ ಬರುವುದಿಲ್ಲ. ನಿನ್ನೆ ತುಳಿದವರನ್ನು ಇಂದು ನಾವು ತುಳಿದರೆ ಸಮವಾಯಿತು ಎಂಬ ಮಾತು ಇಂದಿನ ಮೊಬೈಲ್ ಗುಂಪುಗಳಲ್ಲಿ ದಿನಕ್ಕೆ ಹತ್ತು ಸಲ ಬರುತ್ತದೆ. ಅದಕ್ಕೆ ಕಿವಿಗೊಡಬೇಡಿ. ಜಯಪತ್ರದ ಆಸೆ ಇರುವ ಕಡೆ ಸಮಾನತೆಗೆ ಜಾಗವಿಲ್ಲ.

ಇನ್ನು ಹೇಳಲೇಬೇಕಾದ, ಹೇಳಲು ನಾಲಿಗೆ ಏಳದ ಸಂಗತಿ. ಸವಣೂರು ನವಾಬರ ಪಟ್ಟಣ, ವಿ.ಕೃ. ಗೋಕಾಕರು ಹುಟ್ಟಿದ ಊರು, ದೈತ್ಯ ದೊಡ್ಡಹುಣಸೆ (ಬಾವೊಬಾಬ್) ಮರಗಳನ್ನು ನೋಡಲು ದೂರದಿಂದ ಜನ ಬರುವ ಊರು. 2010ರ ಜುಲೈ ತಿಂಗಳಲ್ಲಿ ಆ ಊರು ಬೇರೊಂದು ಕಾರಣಕ್ಕೆ ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು. ತಲೆಮಾರುಗಳಿಂದ ಊರಿನ ಮಲ ಬಳಿದು ಬದುಕಿದ ಭಂಗಿ ಸಮುದಾಯದ ಕೆಲವರು ಪುರಸಭೆಯ ಎದುರು ನಿಂತು ಮಲವನ್ನು ತಮ್ಮ ತಲೆಯ ಮೇಲೆ ತಾವೇ ಸುರಿದುಕೊಂಡರು. ಇದ್ದ ಜಾಗದಿಂದ ತಮ್ಮನ್ನು ಎಬ್ಬಿಸುತ್ತಿದ್ದಾರೆ ಎಂಬುದು ಅವರ ಅಳಲಾಗಿತ್ತು. ಅರ್ಜಿ ಕೊಟ್ಟು, ಕೈಮುಗಿದು, ಏನೂ ಆಗದೆ ಇದ್ದಾಗ ಮನುಷ್ಯ ತನ್ನ ಅವಮಾನವನ್ನೇ ಅರ್ಜಿಯಾಗಿ ಮೈಮೇಲೆ ಬರೆದುಕೊಂಡ ಬಗೆ ಅದು.

ಕಾನೂನು ಇರಲಿಲ್ಲವೇ? ಇತ್ತು. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ 1950ರಲ್ಲೇ ತೊಡೆದುಹಾಕಿತ್ತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಮಂತ್ರಿ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದರು. 1993ರಲ್ಲಿ ಕೇಂದ್ರದ ಕಾಯ್ದೆ ಬಂದಿತ್ತು. ಇಷ್ಟೆಲ್ಲ ಇದ್ದೂ 2010 ಬಂತು. 2013ರಲ್ಲಿ ಇನ್ನೊಂದು ಕಾಯ್ದೆ ಬಂತು. ಅದರ ನಂತರವೂ ಮ್ಯಾನ್‌ಹೋಲಿಗೆ ಇಳಿದು ಜೀವ ಬಿಟ್ಟವರ ಸುದ್ದಿ ನಿಂತಿಲ್ಲ. ತಪ್ಪು ಅಧಿಕಾರಿಗಳದು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಮನೆಗಳ ಮುಂದೆ ದಿನವೂ ಓಡಾಡಿದವರು ಊರಿನವರೇ. ಅಲ್ಲಿ ಎಲ್ಲ ಧರ್ಮದವರೂ ಇದ್ದರು, ತಮಗೆ ಅನ್ಯಾಯವಾಗಿದೆ ಎಂದು ಬೇರೆ ಬೇರೆ ಕಾರಣಕ್ಕೆ ಹೋರಾಡಿದವರೂ ಇದ್ದರು. ಕೆಳಗೆ ನೋಡುವ ಅಭ್ಯಾಸ ಮಾತ್ರ ಯಾರಿಗೂ ಇರಲಿಲ್ಲ. ಸಮಾನತೆಯ ಬಗ್ಗೆ ನೀವು ಎಷ್ಟೇ ಪುಸ್ತಕ ಓದಿ, ನಿಮ್ಮ ಓಣಿಯ ಗಟಾರ ಬಳಿಯುವ ಪೌರಕಾರ್ಮಿಕನ ಹೆಸರು ನಿಮಗೆ ಗೊತ್ತಿಲ್ಲದಿದ್ದರೆ ಆ ಓದು ಅರ್ಧಕ್ಕೇ ನಿಂತಿದೆ.

ಹೆಸರಿನ ಮಾತು ಬಂತು, ಅಲ್ಲಿಯೇ ಇನ್ನೊಂದು ಹೇಳುತ್ತೇನೆ. ನಮ್ಮ ಕಡೆಯವರ ಮಾತು ಒರಟು ಎನ್ನುತ್ತಾರೆ. ಆದರೆ ಗುರುತಿಲ್ಲದವರನ್ನೂ ‘ಅಣ್ಣಾರ, ಅಕ್ಕಾರ, ಯಜಮಾನ್ರ’ ಎಂದು ಕರೆಯುವ ಮರ್ಯಾದೆ ನಮ್ಮದು. ಅದೇ ನಾಲಿಗೆ ಹೊಲೆಗೇರಿಯ ದಾರಿಯಲ್ಲಿ ಹೇಗೆ ತಿರುಗುತ್ತದೆ ನೋಡಿ. ಎಪ್ಪತ್ತು ದಾಟಿದ ಆಳನ್ನು ಹತ್ತು ವರ್ಷದ ಹುಡುಗ ‘ಏ ಬಸ್ಯಾ’ ಎಂದು ಕೂಗುತ್ತಾನೆ. ಆ ಮುದುಕ ‘ಏನ್ರಿ ಸಣ್ಣ ಗೌಡ್ರ’ ಎಂದು ಓಡಿ ಬರುತ್ತಾನೆ. ಯಾವ ಕಾಯ್ದೆಯೂ ಆ ಹುಡುಗನನ್ನು ಹಿಡಿಯಲಾರದು, ಯಾವ ನ್ಯಾಯಾಲಯವೂ ಆ ಮುದುಕನಿಗೆ ಬಹುವಚನ ಕೊಡಿಸಲಾರದು. ಅದನ್ನು ಕೊಡಿಸಬಲ್ಲವರು ನೀವು ಮಾತ್ರ. ನಾಳೆ ಬೆಳಿಗ್ಗೆ ‘ಬಸಪ್ಪಜ್ಜಾರ’ ಎಂದು ಕರೆಯಲು ಖರ್ಚಿಲ್ಲ, ಹೋರಾಟ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಮನೆಯಲ್ಲಿ ಮೊದಮೊದಲು ಹುಬ್ಬೇರಿಸುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಹಾಗೆಯೇ ಹೊಲಕ್ಕೆ ಬಂದವರಿಗೆ ಚಹಾ ಕೊಡುವ ಲೋಟ. ಗೋಡೆಯ ಮೇಲೆ, ಬೇಲಿಯ ಸಂದಿಯಲ್ಲಿ ಬೇರೆ ಲೋಟ ಇಟ್ಟಿದ್ದರೆ ಅದನ್ನು ತೆಗೆದು ಎಸೆಯುವ ಕೆಲಸ ನಿಮ್ಮದು. ಅಂಗಡಿ, ಹೋಟೆಲ್, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಒಂದೊಂದನ್ನೂ ಹೆಸರಿಸಿ, ಅಲ್ಲಿ ಯಾರನ್ನೂ ತಡೆಯಬಾರದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ದೇಶದ ಮೂಲ ಕಾನೂನು ಬರೆಯುವವರು ಕೆರೆ ಬಾವಿಯ ಹೆಸರೆತ್ತಬೇಕಾಯಿತು ಎಂದರೆ, ನಮ್ಮ ಅಸಮಾನತೆ ಎಲ್ಲಿ ಮನೆ ಮಾಡಿತ್ತೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮದು ಕೆರೆಗಳ ಸೀಮೆ. ಆ ಸಾಲು ನಮಗಾಗಿಯೇ ಬರೆದಂತಿದೆ.

ಇಲ್ಲಿಯವರೆಗೆ ತಲೆದೂಗಿದ ಕೆಲವರು ಈಗ ಕೇಳುತ್ತೀರಿ: ‘ಎಲ್ಲಾರೂ ಸಮ ಅಂದ ಮ್ಯಾಲ ಪರೀಕ್ಷಾದಾಗ ಒಬ್ಬೊಬ್ಬರಿಗೆ ಒಂದೊಂದು ಕಟಾಫ್ ಯಾಕ್ರಿ?’ ಪ್ರಶ್ನೆ ಮುಚ್ಚಿಡಬೇಡಿ, ಕೇಳಿ. ಉತ್ತರ ಹಾನಗಲ್ಲ ತಾಲೂಕಿನಲ್ಲಿದೆ.

ಕಾಡಶೆಟ್ಟಿಹಳ್ಳಿಯ ಒಂದು ಬಡ ಮನೆಯಲ್ಲಿ 1892ರಲ್ಲಿ ಕಣ್ಣಿಲ್ಲದ ಮಗು ಹುಟ್ಟಿತು. ಅಣ್ಣನಿಗೂ ಕಣ್ಣಿರಲಿಲ್ಲ. ಆ ಕಾಲದಲ್ಲಿ ಕುರುಡ ಮಗುವಿಗೆ ಕಾದಿದ್ದದ್ದು ಗುಡಿಯ ಮೆಟ್ಟಿಲು, ಭಿಕ್ಷೆಯ ಬಟ್ಟಲು. ಹಾನಗಲ್ಲ ಕುಮಾರಸ್ವಾಮಿಗಳು ಆ ಮಕ್ಕಳ ಹಾಡು ಕೇಳಿ, ಅವರಿಗೆ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಆ ಹುಡುಗ ಪಂಚಾಕ್ಷರಿ ಗವಾಯಿಗಳಾಗಿ, ತಮ್ಮಂಥ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗಿ ಪಾಠ ಹೇಳಿ, ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಅವರ ಕೈಯಲ್ಲಿ ಬೆಳೆದವರು ಅದೇ ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು. ಮಕ್ಕಳ ಹೊಟ್ಟೆ ತುಂಬಿಸಲು ನಾಟಕ ಕಂಪನಿ ನಡೆಸಿದರು. ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ ಬರೆದರು. 2010ರಲ್ಲಿ ಪದ್ಮಭೂಷಣ ಅವರನ್ನು ಹುಡುಕಿಕೊಂಡು ಬಂತು. ಆ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಗದಗಿಗೆ ನಾಡೇ ನಡೆದು ಬಂದಿತ್ತು. ಆಶ್ರಮದ ಬಾಗಿಲಲ್ಲಿ ಮಗುವಿನ ಜಾತಿ ಕೇಳಲಿಲ್ಲ.

ಈಗ ಹೇಳಿ. ಕಣ್ಣಿದ್ದ ಮಕ್ಕಳಿಗೆ ಕೊಟ್ಟ ಪಾಟಿ, ಬಳಪ, ಪುಸ್ತಕವನ್ನೇ ಕಾಡಶೆಟ್ಟಿಹಳ್ಳಿಯ ಆ ಮಗುವಿಗೂ ಕೊಟ್ಟು ‘ನೋಡಪಾ, ಎಲ್ಲಾರಿಗೂ ಒಂದ’ ಎಂದಿದ್ದರೆ ಅದು ಸಮಾನತೆಯಾಗುತ್ತಿತ್ತೇ? ಕುಮಾರಸ್ವಾಮಿಗಳು ಅವನಿಗೆ ಕಿವಿಯ ಮೂಲಕ ದಾರಿ ಮಾಡಿಕೊಟ್ಟರು. ದಾರಿ ಬೇರೆಯಾಯಿತು, ಆದರೆ ಕಲಿಯಬೇಕಾದ ವಿದ್ಯೆ ಕಡಿಮೆಯಾಗಲಿಲ್ಲ. ರಾಗ ಅದೇ, ತಾಳ ಅದೇ, ಸಾಧನೆ ಅದೇ. ಕಣ್ಣಿದ್ದ ಬಸವರಾಜ ರಾಜಗುರುಗಳೂ ಅದೇ ಪಂಚಾಕ್ಷರಿ ಗವಾಯಿಗಳ ಶಿಷ್ಯರಾಗಿ ದೇಶಕ್ಕೆ ಹೆಸರಾದರು. ದಾರಿಯನ್ನು ಅವರವರಿಗೆ ತಕ್ಕ ಹಾಗೆ ಮಾಡಿಕೊಡಬೇಕು, ಮುಟ್ಟಬೇಕಾದ ಎತ್ತರವನ್ನು ಎಲ್ಲರಿಗೂ ಒಂದೇ ಇಡಬೇಕು.

ಮೀಸಲಾತಿಯ ಹಿಂದಿರುವ ವಿಚಾರ ಇದೇ. ನೆರೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1902ರಲ್ಲೇ ಹಿಂದುಳಿದವರಿಗೆ ಅರ್ಧದಷ್ಟು ಸರ್ಕಾರಿ ಹುದ್ದೆ ಮೀಸಲಿಟ್ಟರು. ಮೈಸೂರಿನಲ್ಲಿ 1918ರಲ್ಲಿ ಇದೇ ಉದ್ದೇಶಕ್ಕೆ ಮಿಲ್ಲರ್ ಸಮಿತಿ ನೇಮಕವಾಯಿತು. ನಮ್ಮ ರಾಣೇಬೆನ್ನೂರಿನ ಎಲ್.ಜಿ. ಹಾವನೂರರು ಅಧ್ಯಕ್ಷರಾಗಿದ್ದ ಕರ್ನಾಟಕದ ಮೊದಲ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಶಾಲೆಯ ಮುಖವನ್ನೇ ಕಾಣದಿದ್ದ ಎಷ್ಟೋ ಮನೆಗಳಿಂದ ಇಂದು ಮಾಸ್ತರು, ಡಾಕ್ಟರು, ತಹಶೀಲ್ದಾರರು ಬಂದಿದ್ದಾರೆ ಎಂದರೆ ಆ ವರದಿಗೆ ಅದರಲ್ಲಿ ಪಾಲಿದೆ. ಸೀಟು ತಪ್ಪಿದ ಹುಡುಗನ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಅವನು ತನ್ನ ಮನೆಯಲ್ಲಿ ಎಷ್ಟು ತಲೆಮಾರು ಅಕ್ಷರ ಇತ್ತೆಂದು ಒಮ್ಮೆ ಎಣಿಸಿಕೊಂಡರೆ ಸಾಕು, ಸಂಕಟ ಉಳಿದರೂ ದ್ವೇಷ ಉಳಿಯುವುದಿಲ್ಲ.

ಮೀಸಲಾತಿಯಿಂದ ಮೇಲೆ ಬಂದ ಮಕ್ಕಳಿಗೂ ಇದೇ ಮಾತು. ನೀವು ಹತ್ತಿ ಬಂದಿರಿ, ಸಂತೋಷ. ನಿಮ್ಮದೇ ಪಟ್ಟಿಯಲ್ಲಿ ಇನ್ನೂ ಕೆಳಗೆ ನಿಂತವರಿದ್ದಾರೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ ದಾರಿ ತೆರೆದದ್ದು ಅವರಿಗಾಗಿ. ಅವರ ಪಾಲು ಅವರಿಗೆ ಹೋಗುವಾಗ ನಮ್ಮದು ಕಿತ್ತುಕೊಂಡರು ಎಂದು ನೀವು ಗೊಣಗಿದರೆ, ನಿನ್ನೆ ನಿಮ್ಮ ವಿರುದ್ಧ ಗೊಣಗಿದವರಿಗೂ ನಿಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಹೊರಗಿನ ಮಾತು ಸಾಕು, ಮನೆಯೊಳಗೆ ಬರೋಣ. ಅಣ್ಣತಮ್ಮಂದಿರು ವಾಟ್ನಿ ಮಾಡಿಕೊಳ್ಳುವ ದಿನ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆತರುತ್ತಾರಲ್ಲ, ಏತಕ್ಕೆ? ಪಾಲು ಕೊಡುವುದಕ್ಕಲ್ಲ, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸುವುದಕ್ಕೆ. ಹಿರಿಯರ ಆಸ್ತಿಯಲ್ಲಿ ಮಗಳಿಗೂ ಪಾಲುಂಟೆಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಮದುವೆಯಾಗದ ಹೆಣ್ಣುಮಕ್ಕಳ ಮಟ್ಟಿಗೆ. 2005ರ ಕೇಂದ್ರದ ತಿದ್ದುಪಡಿ ಮದುವೆಯ ಆ ಗೆರೆಯನ್ನೂ ಅಳಿಸಿ, ಮಗಳನ್ನು ಹುಟ್ಟಿನಿಂದಲೇ ಮಗನಿಗೆ ಸಮನಾದ ಪಾಲುದಾರಳನ್ನಾಗಿ ಮಾಡಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತಷ್ಟು ಸ್ಪಷ್ಟಪಡಿಸಿತು. ಆದರೂ ತಂಗಿ ಸಹಿ ಹಾಕುತ್ತಾಳೆ. ಓದಲು ಬರದೆ ಹಾಕುವುದಿಲ್ಲ. ಸಹಿ ಹಾಕದಿದ್ದರೆ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲವೆಂದು ಹಾಕುತ್ತಾಳೆ. ತವರು ಉಳಿಸಿಕೊಳ್ಳಲು ಹೆಣ್ಣು ತನ್ನ ಹೊಲ ಕೊಟ್ಟು ಬಾಗಿನ ಕೊಳ್ಳುವ ಈ ವ್ಯಾಪಾರವನ್ನು ನಾವು ಪ್ರೀತಿ ಎಂದು ಕರೆಯುತ್ತೇವೆ. ಅರಿಷಿಣ ಕುಂಕುಮಕ್ಕೆಂದು ಕೊಡುವ ನಾಲ್ಕು ಸಾವಿರ ರೂಪಾಯಿ ದಾನ. ಉತಾರದಲ್ಲಿ ಅವಳ ಹೆಸರು ಅವಳ ಹಕ್ಕು. ದಾನ ಕೊಟ್ಟವನು ಮೇಲೆಯೇ ನಿಂತಿರುತ್ತಾನೆ. ಹಕ್ಕು ಒಪ್ಪಿಸಿದವನು ಸಮನಾಗಿ ಪಕ್ಕದಲ್ಲಿ ಕೂರುತ್ತಾನೆ.

ಪಂಚಾಯಿತಿಯ ಕಥೆಯೂ ಇದೇ. ಹೆಣ್ಣುಮಕ್ಕಳಿಗೆ ಪಂಚಾಯತ್ ರಾಜ್ ವ್ಯವಸ್ಥೆಯಲ್ಲಿ ಜಾಗ ಕೊಡುವುದರಲ್ಲಿ ಕರ್ನಾಟಕ ದೇಶಕ್ಕಿಂತ ಮುಂದೆ ಇತ್ತು. 1983ರ ಕಾಯ್ದೆಯಲ್ಲೇ ಕಾಲು ಭಾಗ ಮೀಸಲು ಬಂತು, 2010ರ ಹೊತ್ತಿಗೆ ಅದು ಅರ್ಧಕ್ಕೆ ಏರಿತು. ಆದರೆ ಎಷ್ಟೋ ಕಡೆ ಅಧ್ಯಕ್ಷೆಯ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಇರುತ್ತದೆ, ಅದರಲ್ಲಿ ಗಂಡ ಕೂತಿರುತ್ತಾನೆ. ಸಹಿ ಅವಳದು, ಮಾತು ಅವನದು. ನಿಮ್ಮ ಊರಿನ ಅಧ್ಯಕ್ಷೆಯ ಹತ್ತಿರ ಕೆಲಸವಿದ್ದರೆ ಅವರನ್ನೇ ಕಂಡು ಮಾತಾಡಿ. ಗಂಡನ ಮೊಬೈಲಿಗೆ ಫೋನ್ ಹಚ್ಚುವವರು ನಾವೇ ಆದಮೇಲೆ ಬೈಯುವುದು ಯಾರನ್ನು?

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಒಂದು ಎಚ್ಚರಿಕೆ ಕೊಟ್ಟರು. ರಾಜಕೀಯದಲ್ಲಿ ಒಬ್ಬನಿಗೆ ಒಂದೇ ಮತ, ಒಂದೇ ಬೆಲೆ ಎಂಬ ಸಮಾನತೆ ಬರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿದೇ ಇರುತ್ತದೆ, ಈ ವಿರೋಧವನ್ನು ಬೇಗ ನಿವಾರಿಸದಿದ್ದರೆ ನೊಂದವರು ಈ ಪ್ರಜಾಪ್ರಭುತ್ವದ ಕಟ್ಟಡವನ್ನೇ ಕೆಡವಿಯಾರು ಎಂಬುದು ಅದರ ಸಾರ. ಅವರು ಹೇಳಿದ ಮೊದಲ ಅರ್ಧ ಕೆಲಸವನ್ನು ಕಾನೂನು ಮಾಡಿದೆ. ಉಳಿದರ್ಧ ನಮ್ಮ ಹೊಲ, ಪಡಸಾಲೆ, ಓಣಿಗಳಲ್ಲಿ ಆಗಬೇಕಾದದ್ದು. ಅಲ್ಲಿಗೆ ಪೊಲೀಸರು ಬರುವುದು ಅನ್ಯಾಯ ನಡೆದ ಮೇಲೆ. ನಡೆಯುವ ಮೊದಲು ಅಲ್ಲಿರುವವರು ನೀವು.

ಹಾಗೆಂದು ನಿಮ್ಮ ಹಕ್ಕಿನ ಹೋರಾಟ ಬಿಟ್ಟು ಸುಮ್ಮನೆ ಕೂಡಿ ಎಂದು ನಾನು ಹೇಳುತ್ತಿಲ್ಲ. ಮೇಲಿನವರನ್ನು ಕೇಳಿ, ಗಟ್ಟಿಯಾಗಿ ಕೇಳಿ, ಕೇಳದೆ ಯಾರೂ ಏನನ್ನೂ ಕೊಟ್ಟದ್ದಿಲ್ಲ. ಆದರೆ ಕೇಳುವ ಬಾಯಿಗೆ ಬಲ ಬರುವುದು ಕೊಡುವ ಕೈಯಿಂದ. ಹೆಣ್ಣಾಳಿಗೆ ಸಮ ಕೂಲಿ ಕೊಟ್ಟ ರೈತ ತನ್ನ ಬೆಳೆಯ ಬೆಲೆಗಾಗಿ ರಸ್ತೆಗಿಳಿದರೆ ಆ ಮಾತಿಗೆ ತೂಕ ಇರುತ್ತದೆ. ತಂಗಿಯ ಹೆಸರನ್ನು ಉತಾರದಲ್ಲಿ ಏರಿಸಿದ ಹುಡುಗ ನ್ಯಾಯ ಎಂದರೆ ನಾಲ್ಕು ಜನ ನಿಂತು ಕೇಳುತ್ತಾರೆ.

ಆದ್ದರಿಂದ, ತಮ್ಮಾ, ತಂಗೀ, ನಿಮ್ಮ ಸಮಾನತೆಯನ್ನು ಭಾಷಣದಿಂದ ಅಳೆಯಬೇಡಿ. ನಿಮ್ಮ ಮೇಲಿನವರು ನಿಮ್ಮನ್ನು ಹೇಗೆ ಕಂಡರೆ ನಿಮಗೆ ಮಾನ ಎನಿಸುತ್ತದೋ, ನಿಮ್ಮ ಕೆಳಗಿದ್ದಾರೆಂದು ಊರು ಹೇಳುವವರನ್ನು ನಾಳೆಯಿಂದ ಹಾಗೆಯೇ ಕಾಣಿರಿ. ಅದಕ್ಕಿಂತ ದೊಡ್ಡ ಅರ್ಥ ಸಮಾನತೆಗೆ ಇಲ್ಲ; ಅದಕ್ಕಿಂತ ಕಡಿಮೆಯಾದದ್ದನ್ನು ಸಮಾನತೆ ಎಂದು ಕರೆಯಬೇಡಿ.